ಆಂಜಿಯೋಪ್ಲಾಸ್ಟಿಯ ನಂತರ ಮಣಿಕಟ್ಟಿನ ನಾಡಿ ನೋಡಿಸಿಕೊಳ್ಳಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ದಾವಣಗೆರೆಗೋ ಬೆಂಗಳೂರಿಗೋ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರು ಚಿತ್ರದುರ್ಗದ ನಮ್ಮ ದವಾಖಾನೆಗೂ ಬರುತ್ತಾರೆ. ನಾವು ನಬ್ಜ್ ಹಿಡಿಯುವ ಮಣಿಕಟ್ಟಿನ ರಕ್ತನಾಳದ ಮೂಲಕವೇ ಸ್ಟೆಂಟ್ ಸಾಗಿಸುವ ಕ್ಯಾತಿಟರ್ ಹೃದಯ ತಲುಪುತ್ತದೆ. ಕೆಲವರಲ್ಲಿ ಆಮೇಲೆ ಆ ನಾಡಿ ಬೆರಳಿಗೆ ಸಿಗುವುದೇ ಇಲ್ಲ. ಏಕೆ?

ಕ್ಯಾತಿಟರಿನ ದಪ್ಪವನ್ನು 'ಫ್ರೆಂಚ್' ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ಹೆಚ್ಚಾಗಿ ಬಳಸುವ 6 ಫ್ರೆಂಚ್ ಕೊಳವೆ 2 ಮಿಲಿಮೀಟರ್ ದಪ್ಪ. ಅದರ ಹೊರಕವಚ ಇನ್ನೂ ದಪ್ಪ. ಮಣಿಕಟ್ಟಿನ ರಕ್ತನಾಳವೋ ಬಹಳ ಜನರಲ್ಲಿ 2ರಿಂದ 3 ಮಿಲಿಮೀಟರ್ ಮಾತ್ರ. ಹೆಂಗಸರಲ್ಲಿ ಸಾಮಾನ್ಯವಾಗಿ ಇನ್ನೂ ಸಣ್ಣದು. ಕೊಳವೆ ಬಿಗಿಯಾದಷ್ಟೂ ಒಳಪದರ ಉಜ್ಜಿ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವ ಸಂಭವ ಹೆಚ್ಚು. ಆದ್ದರಿಂದ ಸಾಧ್ಯವಿದ್ದಲ್ಲಿ ವೈದ್ಯರು ತೆಳು ಕೊಳವೆ ಬಳಸುತ್ತಾರೆ, ಹೆಪಾರಿನ್ ಕೊಡುತ್ತಾರೆ, ಪಟ್ಟಿಯನ್ನು ರಕ್ತದ ಹರಿವು ನಿಲ್ಲದಷ್ಟೇ ಬಿಗಿಯುತ್ತಾರೆ.

ಅಂಗೈಗೆ ಕಿರುಬೆರಳಿನ ಕಡೆಯಿಂದಲೂ ರಕ್ತ ಬರುವುದರಿಂದ ನಾಳ ಮುಚ್ಚಿದರೂ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಆದರೆ ಮುಂದೆ ಮತ್ತೆ ಆಂಜಿಯೋಗ್ರಾಂ ಬೇಕಾದರೆ ಆ ದಾರಿ ಸಿಗದೆ ಹೋಗಬಹುದು. ಬೇಗ ಗೊತ್ತಾದರೆ ತೆರೆಸಲು ಪ್ರಯತ್ನಿಸಬಹುದು. ಹಾಗಾಗಿ ಮನೆಗೆ ಹೊರಡುವ ಮುನ್ನ "ಡಾಕ್ಟರೇ, ಈ ಕೈಯ ನಾಡಿ ನೋಡಿ" ಎಂದು ಕೇಳಿ. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ತಿಳಿಸಿ. ಡಯಾಲಿಸಿಸ್‌ಗೆ ಆ ನಾಳ ಬೇಕಾಗಬಹುದು.

ಮನೆಯಲ್ಲಿ ರಕ್ತ ಒಸರಿದರೆ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಬಾವು ಏರುತ್ತಿದ್ದರೆ, ಬೆರಳು ತಣ್ಣಗಾಗಿ ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ವುಝೂ ಮಾಡುವಾಗ ಪಟ್ಟಿ ನೆನೆಯದಿರಲಿ.

ಕೊನೆಯದಾಗಿ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬೇಡಿ. ಅವುಗಳ ಬದಲಿಗೆ ಕೊಡುವ ಔಷಧಿ ನಮ್ಮ ಯುನಾನಿಯಲ್ಲೂ ಇಲ್ಲ.