ಜಗುಲಿಯಿಂದ ಗಾಜಿನ ಪೆಟ್ಟಿಗೆಗೆ: ವ್ಯಾಂಕೂವರ್ ವಿಶ್ವವಿದ್ಯಾಲಯದ ಒಂದು ವಸ್ತುಸಂಗ್ರಹಾಲಯ

ಕನ್ನಡ ನಾಡಿನ ಅನೇಕ ಮಠಗಳಲ್ಲಿಯೂ ಶರಣಮನೆತನಗಳಲ್ಲಿಯೂ ವಚನಗಳ ತಾಡವೋಲೆಯ ಕಟ್ಟುಗಳು ಬಹುಕಾಲ ಪೂಜೆಯ ಜಗುಲಿಯ ಮೇಲೆಯೇ ಉಳಿದಿದ್ದುವು. ಅವುಗಳಿಗೆ ವಿಭೂತಿ ಪತ್ರೆಗಳು ತಪ್ಪದೆ ಸಲ್ಲುತ್ತಿದ್ದುವು. ಕಟ್ಟು ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಹುಡುಕಿ ತೆಗೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಮಾಡಿಸಿದ ಮೇಲೆ ವಚನವು ಮತ್ತೆ ನಾಡಿನ ನಾಲಗೆಗೆ ಬಂದಿತು. ಮುಂದೆ ಎಷ್ಟೋ ಓಲೆಗಳು ವಿಶ್ವವಿದ್ಯಾಲಯಗಳ ಹಸ್ತಪ್ರತಿ ಭಂಡಾರಗಳನ್ನು ಸೇರಿದುವು. ವಿದ್ವತ್ತಿಗೆ ಇದರಿಂದಾದ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಪೂಜೆಯ ವಸ್ತು ಅಧ್ಯಯನದ ವಸ್ತುವಾದಾಗ, ಅದು ಪೂಜಿಸಿದವರದೋ, ಕಾಪಾಡಿದವರದೋ, ನೋಡಬಂದವರದೋ?

ಹಳಕಟ್ಟಿಯವರು ಹೊರಗಿನವರಾಗಿರಲಿಲ್ಲ; ಆದುದರಿಂದ ಇಲ್ಲಿ ಈ ಪ್ರಶ್ನೆ ಅಷ್ಟಾಗಿ ನೋಯಿಸಲಿಲ್ಲ. ಇದೇ ಪ್ರಶ್ನೆ ಬಹು ಕಠೋರವಾದ ರೂಪದಲ್ಲಿ ಎದುರಾದ ನೆಲವೊಂದಿದೆ. ಅದು ಕೆನಡಾ ದೇಶದ ಪಶ್ಚಿಮ ಕರಾವಳಿ. ಅಲ್ಲಿನ ವ್ಯಾಂಕೂವರ್ ನಗರದಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಸ್ತುಸಂಗ್ರಹಾಲಯವು ಆ ಪ್ರಶ್ನೆಯೊಡನೆ ಮುಕ್ಕಾಲು ಶತಮಾನದಿಂದ ಹೆಣಗುತ್ತ ಬಂದಿದೆ. ಅಲ್ಲಿಯ ಕಲಾಪ್ರದರ್ಶನಗಳನ್ನೂ ಜನಸಮಾರಂಭಗಳನ್ನೂ ಅರಿಯಬೇಕಾದರೆ ಮೊದಲು ಆ ಕರಾವಳಿಯ ಮೂಲನಿವಾಸಿಗಳ ಒಂದು ಆಚರಣೆಯನ್ನು ಅರಿಯಬೇಕು.

ಆ ಆಚರಣೆಯ ಹೆಸರು ಪಾಟ್‌ಲ್ಯಾಚ್. ಮಗುವಿಗೆ ಹೆಸರಿಡುವಾಗ, ಮದುವೆಯಲ್ಲಿ, ಹಿರಿಯನೊಬ್ಬನು ತೀರಿಕೊಂಡು ಅವನ ಪದವಿ ಮುಂದಿನವನಿಗೆ ಸಲ್ಲುವಾಗ, ಮನೆತನವು ನೆರೆಯ ಊರುಗಳ ಜನರನ್ನೆಲ್ಲ ಕರೆದು ದಿನಗಟ್ಟಲೆ ಉಣಬಡಿಸಿ, ಕುಣಿದು, ಕಥೆ ಹೇಳಿ, ಕೊನೆಗೆ ತಾನು ಕೂಡಿಟ್ಟ ಸಂಪತ್ತನ್ನು ಬಂದವರಿಗೆ ಹಂಚಿಬಿಡುತ್ತದೆ. ಕೂಡಿಟ್ಟವನು ದೊಡ್ಡವನಲ್ಲ, ಕೊಟ್ಟವನು ದೊಡ್ಡವನು. ದಾಸೋಹವನ್ನು ಬಲ್ಲ ಓದುಗರಿಗೆ ಇದು ಪರಿಚಿತವೆನಿಸುವುದು ಸಹಜ; ಆದರೆ ಎರಡೂ ಒಂದೇ ಎನ್ನುವುದು ಅವಸರದ ಮಾತಾದೀತು. ದಾಸೋಹದಲ್ಲಿ ನೀಡುವವನು ತಾನು ನೀಡುತ್ತಿದ್ದೇನೆಂಬ ಭಾವವನ್ನೇ ಕಳೆದುಕೊಳ್ಳಬೇಕು. ಪಾಟ್‌ಲ್ಯಾಚ್‌ನಲ್ಲಿ ಕೊಡುವುದರಿಂದ ಮನೆತನದ ಹೆಸರು ಏರುತ್ತದೆ, ಏರಲೆಂದೇ ಕೊಡುತ್ತಾರೆ. ಕಾಣಿಕೆ ಪಡೆದ ಅತಿಥಿಯು ನಡೆದುದಕ್ಕೆ ಸಾಕ್ಷಿಯಾಗುತ್ತಾನೆ. ಬರಹವಿಲ್ಲದ ಸಮಾಜದಲ್ಲಿ ಈ ಸಾಕ್ಷಿಯೇ ದಸ್ತಾವೇಜು.

ಆ ಸಂದರ್ಭದಲ್ಲಿ ಧರಿಸುವ ಮುಖವಾಡಗಳೂ ಬಡಿಯುವ ಗಿಲಕಿಗಳೂ ಹೊದೆಯುವ ಕಂಬಳಿಗಳೂ ಬರಿಯ ಅಲಂಕಾರಗಳಲ್ಲ. ಇಂತಹ ಮುಖವಾಡವನ್ನು ಇಂತಹ ಮನೆತನದವನೇ ತೊಡಬೇಕು, ಇಂತಹ ಹಾಡಿಗೆ ಮಾತ್ರ ಕುಣಿಯಬೇಕು ಎಂಬ ಹಕ್ಕು ವಂಶದಿಂದ ಬರುತ್ತದೆ. ಉಳಿದ ದಿನಗಳಲ್ಲಿ ಅವು ಮರದ ಪೆಟ್ಟಿಗೆಯೊಳಗೆ ಕಣ್ಣಿಗೆ ಬೀಳದಂತೆ ಇರುತ್ತವೆ. ಬೆಂಕಿಯ ಬೆಳಕಿನಲ್ಲಿ ಒಂದು ಗಳಿಗೆ ತೋರಿ ಮರೆಯಾಗುತ್ತವೆ. ಅಂಗದ ಮೇಲಿನ ಲಿಂಗವನ್ನು ಕರಡಿಗೆಯಲ್ಲಿ ಧರಿಸಿ, ಪೂಜಾಕಾಲದಲ್ಲಿ ಮಾತ್ರ ಅಂಗೈಗೆ ತಂದುಕೊಳ್ಳುವ ಭಕ್ತನಿಗೆ, ಸದಾ ತೋರಿಸಲಾಗದ ವಸ್ತು ಎಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ವಸ್ತುವನ್ನು ಹಗಲಿರುಳು ಗಾಜಿನ ಹಿಂದೆ ನಿಲ್ಲಿಸುವುದೇ ಅದರ ಸ್ವಭಾವಕ್ಕೆ ವಿರೋಧವಾದುದು.

ಕೆನಡಾ ಸರ್ಕಾರವು 1884ರಲ್ಲಿ ಮಾಡಿದ, ಮರುವರ್ಷ ಜಾರಿಗೆ ಬಂದ ಕಾನೂನಿನಿಂದ ಪಾಟ್‌ಲ್ಯಾಚ್ ಅಪರಾಧವಾಯಿತು. ಸಂಪತ್ತನ್ನು ಹಂಚಿ ಬರಿಗೈಯಾಗುವ ಜನ ನಾಗರಿಕರಾಗಲಾರರೆಂಬುದು ಅಧಿಕಾರಿಗಳ ಹಾಗೂ ಪಾದ್ರಿಗಳ ವಾದವಾಗಿತ್ತು. ಜನರು ಬಿಡಲಿಲ್ಲ, ಮರೆಯಲ್ಲಿ ನಡೆಸಿದರು. 1921ರ ಡಿಸೆಂಬರಿನಲ್ಲಿ, ಕ್ವಾಕ್ವಕಾವಾಕ್ವ ಎಂಬ ಜನಾಂಗದ ಡ್ಯಾನ್ ಕ್ರಾನ್ಮರ್ ಎಂಬ ಮುಖಂಡನು ವಿಲೇಜ್ ಐಲೆಂಡ್ ಎಂಬ ದ್ವೀಪದಲ್ಲಿ ದೊಡ್ಡದೊಂದು ಪಾಟ್‌ಲ್ಯಾಚ್ ನಡೆಸಿದನು. ಸುದ್ದಿ ಹೊರಬಿತ್ತು. ಭಾಷಣ ಮಾಡಿದುದು, ಕುಣಿದುದು, ಕಾಣಿಕೆ ಕೊಟ್ಟುದು, ಕೊಂಡುದು ಎಲ್ಲವೂ ಆರೋಪಗಳಾದುವು. ಮುಖವಾಡಗಳನ್ನೂ ಉಡುಗೆಗಳನ್ನೂ ಒಪ್ಪಿಸಿದವರಿಗೆ ಶಿಕ್ಷೆಯನ್ನು ತಡೆಹಿಡಿಯಲಾಗುವುದೆಂದರು. ಒಪ್ಪದವರು ಸೆರೆಮನೆಗೆ ಹೋದರು. ಹಾಗೆ ಕಿತ್ತುಕೊಂಡ ವಸ್ತುಗಳು ದೂರದ ಒಟ್ಟಾವ, ಟೊರೆಂಟೊ ನಗರಗಳ ಸಂಗ್ರಹಾಲಯಗಳಿಗೆ ಹಂಚಿಹೋದುವು. ಆ ನಿಷೇಧವು ಕಾನೂನಿನ ಪುಸ್ತಕದಿಂದ ಮಾಯವಾದುದು 1951ರಲ್ಲಿ.

ವ್ಯಾಂಕೂವರಿನ ವಿಶ್ವವಿದ್ಯಾಲಯದ ಸಂಗ್ರಹಾಲಯ ಹುಟ್ಟಿದುದು ಈ ನಿಷೇಧದ ಕೊನೆಯ ವರ್ಷಗಳಲ್ಲಿ, 1947ರಲ್ಲಿ. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಗ್ರಂಥಾಲಯದ ನೆಲಮಾಳಿಗೆಯೇ ಮನೆ. ಹ್ಯಾರಿ ಹಾಥಾರ್ನ್ ಅದರ ಮೊದಲ ನಿರ್ದೇಶಕರು, ಅವರ ಪತ್ನಿ ಆಡ್ರಿ ಹಾಥಾರ್ನ್ ಮೊದಲ ಸಂಗ್ರಹಪಾಲಕರು. ಅವರು ಮಾಡಿದ ಒಂದು ಕೆಲಸ ಸಣ್ಣದೆಂದು ತೋರಿದರೂ ಮುಂದಿನದಕ್ಕೆಲ್ಲ ಬುನಾದಿಯಾಯಿತು. ಹಳೆಯ ಕೆತ್ತನೆಯ ಕಂಬಗಳನ್ನು ದುರಸ್ತಿಗೊಳಿಸಲು 1950ರ ವೇಳೆಗೆ ಮಂಗೋ ಮಾರ್ಟಿನ್ ಎಂಬ ಕ್ವಾಕ್ವಕಾವಾಕ್ವ ಶಿಲ್ಪಿಯನ್ನೇ ವಿಶ್ವವಿದ್ಯಾಲಯವು ಕರೆಸಿಕೊಂಡಿತು. ವಿದ್ವಾಂಸರು ಗ್ರಂಥಗಳಲ್ಲಿ ಹುಡುಕುತ್ತಿದ್ದ ಅರ್ಥವು ಆ ಮುದುಕನ ಕೈಯಲ್ಲಿಯೂ ಹಾಡಿನಲ್ಲಿಯೂ ಜೀವಂತವಾಗಿತ್ತು. ಅದೇ ಮಾರ್ಟಿನ್ 1953ರಲ್ಲಿ ವಿಕ್ಟೋರಿಯಾ ನಗರದಲ್ಲಿ ತಾನೇ ಕಟ್ಟಿದ ಮನೆಯಲ್ಲಿ, ನಿಷೇಧ ತೊಲಗಿದ ಮೇಲಿನ ಮೊದಲ ಬಹಿರಂಗ ಪಾಟ್‌ಲ್ಯಾಚನ್ನು ನಡೆಸಿದನು.

ಡ್ಯಾನ್ ಕ್ರಾನ್ಮರನ ಮಕ್ಕಳ ಕಥೆಯನ್ನು ಇಲ್ಲಿಯೇ ಹೇಳಬೇಕು. ಮಗ ಡಗ್ ಕ್ರಾನ್ಮರ್ ಶಿಲ್ಪಿಯಾದನು. ಹೈಡಾ ಜನಾಂಗದ ಬಿಲ್ ರೀಡ್ ಎಂಬ ಕಲಾವಿದನೊಡನೆ ಸೇರಿ 1959ರಿಂದ 1962ರವರೆಗೆ ವಿಶ್ವವಿದ್ಯಾಲಯಕ್ಕಾಗಿ ಹೈಡಾ ಮಾದರಿಯ ಮರದ ಮನೆಗಳನ್ನೂ ಕಂಬಗಳನ್ನೂ ನಿರ್ಮಿಸಿದನು. ಮಗಳು ಗ್ಲೋರಿಯಾ ಕ್ರಾನ್ಮರ್ ವೆಬ್‌ಸ್ಟರ್ ಇದೇ ಸಂಗ್ರಹಾಲಯದಲ್ಲಿ ಸಹಾಯಕ ಸಂಗ್ರಹಪಾಲಕಳಾಗಿ ದುಡಿದು, ಬಳಿಕ ತಂದೆಯ ಕಾಲದಲ್ಲಿ ಕಿತ್ತುಕೊಂಡ ವಸ್ತುಗಳನ್ನು ಮರಳಿ ಪಡೆಯುವ ಹೋರಾಟಕ್ಕೆ ನಿಂತಳು. ಒಟ್ಟಾವದಲ್ಲಿದ್ದ ವಸ್ತುಗಳು ಮರಳಿದಾಗ ಅವುಗಳಿಗಾಗಿ 1979ರಲ್ಲಿ ಕೇಪ್ ಮಡ್ಜ್‌ನಲ್ಲಿ ಒಂದು, 1980ರಲ್ಲಿ ಅಲರ್ಟ್ ಬೇ ಎಂಬಲ್ಲಿ ಇನ್ನೊಂದು ಸಂಗ್ರಹಾಲಯ ತೆರೆದುವು. ಎರಡನೆಯದರ ಹೆಸರು ಉಮಿಸ್ತ. ಹಿಂದೆ ದಾಳಿಯಲ್ಲಿ ಸೆರೆಸಿಕ್ಕವರು ಬಿಡುಗಡೆಗೊಂಡು ಊರಿಗೆ ಬಂದಾಗ ಹೇಳುತ್ತಿದ್ದ ಮಾತು ಅದು. ಮುಖವಾಡಗಳನ್ನೂ ಆ ಜನ ಸೆರೆಯಿಂದ ಬಂದ ಬಂಧುಗಳಂತೆಯೇ ಎದುರುಗೊಂಡರು. ಆ ಪಾಟ್‌ಲ್ಯಾಚ್ ನಡೆಸಿದವನ ಮಗನ ಕಲೆ ಮತ್ತು ಬದುಕನ್ನು ಕುರಿತು 2012ರಲ್ಲಿ ವ್ಯಾಂಕೂವರಿನ ಈ ಸಂಗ್ರಹಾಲಯವು ‘ಕೆಸು’ ಎಂಬ ಪ್ರದರ್ಶನವನ್ನು ಏರ್ಪಡಿಸಿತು. ಪ್ರದರ್ಶನವೆಂಬುದು ಅಪಹರಣದ ಮುಂದುವರಿಕೆಯೇ ಆಗಬೇಕಾಗಿಲ್ಲ ಎಂಬುದಕ್ಕೆ ಒಂದೇ ಮನೆತನದ ಈ ಎರಡು ತಲೆಮಾರುಗಳು ಸಾಕು.

ಸಂಗ್ರಹಾಲಯವು ನೆಲಮಾಳಿಗೆಯನ್ನು ಬಿಟ್ಟು ಸಮುದ್ರದ ಅಂಚಿನ ಎತ್ತರದ ಕಟ್ಟಡಕ್ಕೆ ಬಂದುದು 1976ರಲ್ಲಿ. ಆರ್ಥರ್ ಎರಿಕ್ಸನ್ ಎಂಬ ವಾಸ್ತುಶಿಲ್ಪಿಯು ಕರಾವಳಿಯ ಹಳೆಯ ಮನೆಗಳ ಕಂಬ-ತೊಲೆಗಳ ವಿನ್ಯಾಸವನ್ನು ಕಾಂಕ್ರೀಟಿನಲ್ಲಿ ಎರಕಗೊಳಿಸಿ, ನಡುವೆ ಎತ್ತರದ ಗಾಜಿನ ಗೋಡೆಗಳನ್ನು ನಿಲ್ಲಿಸಿದನು. ಆ ಮಹಾಮಂಟಪವು ಭೂಕಂಪವನ್ನು ತಾಳುವಂತೆ ಪುನರ್ನಿರ್ಮಾಣಗೊಂಡು 2024ರ ಜೂನ್‌ನಲ್ಲಿ ಮತ್ತೆ ತೆರೆಯಿತು. ಅಂದು ಕಟ್ಟಡಕ್ಕಿಂತಲೂ ಹೆಚ್ಚು ಚರ್ಚೆಗೆ ಬಂದುದು ಅದರ ಭಂಡಾರ. ಬೇರೆಡೆ ಸಂಗ್ರಹದ ಹೆಚ್ಚಿನ ಪಾಲು ಕತ್ತಲ ಕೋಣೆಯಲ್ಲಿ ಬೀಗದೊಳಗೆ ಇರುತ್ತದೆ. ಇಲ್ಲಿ ಭಂಡಾರವನ್ನೇ ಸಾರ್ವಜನಿಕರಿಗೆ ತೆರೆದಿಟ್ಟರು. ಇದರಲ್ಲಿ ಪ್ರಜಾಪ್ರಭುತ್ವದ ಉದಾರತೆಯಿತ್ತು. ಒಂದು ಕುರುಡೂ ಇತ್ತು. ಎಲ್ಲವನ್ನೂ ಎಲ್ಲರೂ ನೋಡಬಹುದೆಂದು ಹೇಳುವ ಅಧಿಕಾರ ಯಾರಿಗಿದೆ ಎಂದು ಅಂದು ಕೇಳಿಕೊಂಡಿರಲಿಲ್ಲ. ಮುಂದೆ ಕೇಳಿಕೊಂಡರು. 2010ರಲ್ಲಿ ಆ ಭಂಡಾರವನ್ನು ಹೊಸದಾಗಿ ಜೋಡಿಸಿದಾಗ ಆಯಾ ಜನಾಂಗದವರೊಡನೆ ಸಮಾಲೋಚಿಸಲಾಯಿತು. ಸೇಲಿಷ್ ಜನರ ಸ್ವೈಹ್ವೆ ಎಂಬ ಪವಿತ್ರ ಮುಖವಾಡಗಳನ್ನು ಅವರ ಇಚ್ಛೆಯಂತೆ ಅಲ್ಲಿ ಪ್ರದರ್ಶನಕ್ಕೆ ಇಡುವುದಿಲ್ಲ. ವಿದ್ವತ್ಸಂಸ್ಥೆಯೊಂದು ತನ್ನಲ್ಲಿರುವುದನ್ನು ತೋರಿಸದಿರಲು ಒಪ್ಪಿದುದು ತೋರಿಸಿದುದಕ್ಕಿಂತ ಕಡಿಮೆಯ ಸಾಧನೆಯೇನೂ ಅಲ್ಲ.

ಅಲ್ಲಿನ ಅತ್ಯಂತ ಪ್ರಸಿದ್ಧ ಕೃತಿ ಬಿಲ್ ರೀಡನ ‘ಕಾಗೆ ಮತ್ತು ಆದಿಮಾನವರು’. ಕಾಡಿನ ದೊಡ್ಡ ಕಾಗೆಯೊಂದು ಕಡಲದಂಡೆಯ ಚಿಪ್ಪಿನೊಳಗೆ ಅಂಜಿ ಅಡಗಿದ್ದ ಮೊದಲ ಮನುಷ್ಯರನ್ನು ಹೊರಗೆ ಕರೆದ ಹೈಡಾ ಪುರಾಣವನ್ನು ಹಳದಿ ಸೀಡರ್ ಮರದ ತುಂಡುಗಳನ್ನು ಕೂಡಿಸಿದ ಒಂದೇ ಬೃಹತ್ ದಿಮ್ಮಿಯಲ್ಲಿ ಕಡೆಯಲಾಗಿದೆ. 1980ರಲ್ಲಿ ಅದರ ಅನಾವರಣವಾದಾಗ, ಕಥೆ ನಡೆದುದೆಂದು ನಂಬಲಾದ ಹೈಡಾ ದ್ವೀಪದ ತೀರದ ಮರಳನ್ನು ತಂದು ಸುತ್ತ ಹರಡಿದರು. ಆ ಶಿಲ್ಪ ನಿಂತಿರುವುದು ಎರಡನೆಯ ಮಹಾಯುದ್ಧಕಾಲದ ಫಿರಂಗಿಕಟ್ಟೆಯೊಂದರ ಮೇಲೆ.

ಪ್ರದರ್ಶನಗಳ ಇತಿಹಾಸದಲ್ಲಿ 1988 ಒಂದು ತಿರುವು. ಆ ವರ್ಷ ಕ್ಯಾಲ್ಗರಿ ನಗರದ ಇನ್ನೊಂದು ಸಂಗ್ರಹಾಲಯವು ಚಳಿಗಾಲದ ಒಲಿಂಪಿಕ್ಸ್ ಸಂದರ್ಭದಲ್ಲಿ ಮೂಲನಿವಾಸಿಗಳ ಕಲೆಯ ಭಾರೀ ಪ್ರದರ್ಶನವನ್ನು ನಡೆಸಿದಾಗ, ಲೂಬಿಕಾನ್ ಕ್ರೀ ಜನರು ಬಹಿಷ್ಕಾರಕ್ಕೆ ಕರೆಕೊಟ್ಟರು. ಅವರ ಭೂಮಿಯ ಹಕ್ಕು ಇತ್ಯರ್ಥವಾಗದಿರುವಾಗ, ಆ ಪ್ರದೇಶದಲ್ಲಿ ತೈಲ ತೆಗೆಯುತ್ತಿದ್ದ ಕಂಪನಿಯ ಹಣದಿಂದ ಪೂರ್ವಜರ ಕಲೆಗೆ ಗೌರವ ತೋರುವುದು ಅವರಿಗೆ ಅಣಕವಾಗಿ ಕಂಡಿತು. ಸತ್ತವರ ಕೈಗೆಲಸವನ್ನು ಕೊಂಡಾಡಿ ಬದುಕಿರುವವರ ಮಾತನ್ನು ಕೇಳದ ಪ್ರವೃತ್ತಿಯ ಮೇಲೆ ಆ ವಿವಾದ ಬೆಳಕು ಚೆಲ್ಲಿತು. 1992ರಲ್ಲಿ ಕೆನಡಾದ ಸಂಗ್ರಹಾಲಯಗಳೂ ಮೂಲನಿವಾಸಿಗಳೂ ಕೂಡಿ ಸಹಭಾಗಿತ್ವದ ನಿಯಮಗಳನ್ನು ರೂಪಿಸಿದರು.

ವ್ಯಾಂಕೂವರಿನಲ್ಲಿ ಆ ದಾರಿ ಸ್ವಲ್ಪ ಮೊದಲೇ ತೆರೆದಿತ್ತು. ವಿಶ್ವವಿದ್ಯಾಲಯ ನಿಂತಿರುವ ನೆಲ ಮಸ್ಕ್ವಿಯಮ್ ಜನರದು. ಅವರು ಅದನ್ನು ಯಾವ ಒಪ್ಪಂದದಿಂದಲೂ ಬಿಟ್ಟುಕೊಟ್ಟವರಲ್ಲ. ಆ ಜನರಲ್ಲಿ ನಿಂತುಹೋಗಿದ್ದ ಉಣ್ಣೆಯ ಕಂಬಳಿಯ ನೇಯ್ಗೆಯನ್ನು ಹೆಂಗಸರು ಮತ್ತೆ ಕಲಿತರು. ಹಿಂದೆ ಬೆಟ್ಟದ ಆಡಿನ ಉಣ್ಣೆಯನ್ನೂ, ಅದಕ್ಕೆಂದೇ ಸಾಕಿದ ನಾಯಿಯ ಉಣ್ಣೆಯನ್ನೂ ಅದಕ್ಕೆ ಬಳಸುತ್ತಿದ್ದರು. ಈ ಪುನರುಜ್ಜೀವನವನ್ನು ಕುರಿತ ಪ್ರದರ್ಶನ 1986ರಲ್ಲಿ ನಡೆಯಿತು. ಅಲ್ಲಿ ಮುಖ್ಯವಾದುದು ಹಳೆಯ ಕಂಬಳಿಯಲ್ಲ, ಹೊಸದನ್ನು ನೇಯ್ದ ಕೈ. ವಿಶ್ವವಿದ್ಯಾಲಯದ ಆವರಣದಲ್ಲಿ 2017ರ ಏಪ್ರಿಲ್ 1ರಂದು ನಡೆದ ಸ್ತಂಭಾರೋಹಣವೂ ಇದೇ ಬಗೆಯದು. ಹೈಡಾ ಮುಖಂಡನೂ ರೀಡನ ಶಿಷ್ಯನೂ ಆದ ಜೇಮ್ಸ್ ಹಾರ್ಟ್ ಕೆತ್ತಿದ 55 ಅಡಿಯ ಆ ಕಂಬವನ್ನು ನೆರೆದ ಜನರು ಹಗ್ಗ ಹಿಡಿದು ಎಳೆದು ನಿಲ್ಲಿಸಿದರು. ಮೂಲನಿವಾಸಿ ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಇರಿಸುತ್ತಿದ್ದ ವಸತಿಶಾಲೆಗಳಲ್ಲಿ ತೀರಿಹೋದ ಮಕ್ಕಳ ನೆನಪಿಗಾಗಿ ಅದಕ್ಕೆ 68,000ಕ್ಕೂ ಹೆಚ್ಚು ತಾಮ್ರದ ಮೊಳೆಗಳನ್ನು ಹೊಡೆಯಲಾಗಿದೆ. ಮೊಳೆ ಹೊಡೆದವರಲ್ಲಿ ಆ ಶಾಲೆಗಳಿಂದ ಬದುಕಿ ಬಂದವರೂ ಇದ್ದರು.

ಇವೆಲ್ಲವುಗಳಿಗಿಂತ ವಿಲಕ್ಷಣವಾದ ಪ್ರದರ್ಶನ 2015ರದು. ವ್ಯಾಂಕೂವರ್ ನಗರದ ದಕ್ಷಿಣದಲ್ಲಿ ತ್ಸೆಸ್ನಾಅಮ್ ಎಂಬ ಮಸ್ಕ್ವಿಯಮ್ ಜನರ ಪುರಾತನ ಊರೂ ರುದ್ರಭೂಮಿಯೂ ಇದ್ದುವು. ಸಂಗ್ರಾಹಕರು ಅಲ್ಲಿಂದ ದಶಕಗಳ ಕಾಲ ಅಗೆದು ವಸ್ತುಗಳನ್ನು ಒಯ್ದಿದ್ದರು. 2012ರಲ್ಲಿ ವಸತಿಕಟ್ಟಡವೊಂದಕ್ಕಾಗಿ ನೆಲ ಅಗೆದಾಗ ಹಿರಿಯರ ಅಸ್ಥಿಗಳು ಹೊರಬಂದುವು; ಜನರು ನೂರಕ್ಕೂ ಹೆಚ್ಚು ದಿನ ಅಲ್ಲಿ ಕಾವಲು ಕುಳಿತು ಕೆಲಸವನ್ನು ನಿಲ್ಲಿಸಿದರು. ಆ ಊರನ್ನು ಕುರಿತು ಮೂರು ಕಡೆ ಏಕಕಾಲಕ್ಕೆ ಪ್ರದರ್ಶನಗಳು ಏರ್ಪಟ್ಟುವು: ನಗರದ ಸಂಗ್ರಹಾಲಯದಲ್ಲಿ, ಮಸ್ಕ್ವಿಯಮ್ ಜನರ ಸ್ವಂತ ಸಾಂಸ್ಕೃತಿಕ ಕೇಂದ್ರದಲ್ಲಿ, ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ. ಅಗೆದು ತೆಗೆದುದನ್ನು ‘ಪುರಾತನ ಅವಶೇಷ’ ಎನ್ನದೆ ‘ನಮ್ಮ ಸ್ವತ್ತು’ ಎಂದು ಅವರು ಕರೆದರು. ವಿಶ್ವವಿದ್ಯಾಲಯದ ಕೋಣೆಯಲ್ಲಿ ಆ ಊರಿನ ಒಂದು ಕಲ್ಲನ್ನೂ ಎಲುಬನ್ನೂ ಇಡಲಿಲ್ಲ. ಅಲ್ಲಿ ಇದ್ದುದು ಭಾಷೆ, ಧ್ವನಿ, ಹಿರಿಯರ ಮಾತು. ಅಡುಗೆಮನೆಯಲ್ಲಿರುವಂತಹ ಒಂದು ಊಟದ ಮೇಜು. ಬಂದವರು ಆ ಮೇಜಿನ ಬಳಿ ಕುಳಿತು, ಮಸ್ಕ್ವಿಯಮ್ ಮನೆಯವರು ತಮ್ಮೊಳಗೆ ಆಡಿಕೊಂಡ ಮಾತುಗಳನ್ನು ಕೇಳಿಸಿಕೊಂಡು ಎದ್ದುಹೋಗುತ್ತಿದ್ದರು.