ಕುರ್ಚಿಗೊಂದು ಗವಸು: ಮೇಲ್ಮೈ ವಿಸ್ತೀರ್ಣ ಪಾಠಕ್ಕೆ ಒಂದು ಚಟುವಟಿಕೆ

ಎಂಟನೇ ತರಗತಿಯಲ್ಲಿ ಆಯತಘನದ ಮೇಲ್ಮೈ ವಿಸ್ತೀರ್ಣ ಕಲಿಸುವಾಗ ನಾವು ಸಾಮಾನ್ಯವಾಗಿ ಬೆಂಕಿಪೊಟ್ಟಣವನ್ನೋ ಚಾಕ್‌ಪೀಸ್ ಡಬ್ಬಿಯನ್ನೋ ಬಿಚ್ಚಿ ತೋರಿಸುತ್ತೇವೆ. ಸೂತ್ರ ಬರುತ್ತದೆ, ಲೆಕ್ಕವೂ ಬರುತ್ತದೆ. ಆದರೆ ಆ ವಿಸ್ತೀರ್ಣ ಯಾರಿಗೆ ಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಮದ್ದೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ನಾನು ಡಬ್ಬಿಯ ಬದಲು ಶಿಕ್ಷಕರ ಕೊಠಡಿಯ ರೆಕ್ಸಿನ್ ಹರಿದ ಸೋಫಾ ಕುರ್ಚಿಯನ್ನು ಪಾಠೋಪಕರಣವಾಗಿ ಬಳಸಿದೆ. ಅದಕ್ಕೆ ಗವಸು ಹೊಲಿಯಲು ಎಷ್ಟು ಬಟ್ಟೆ ಬೇಕು? ಇದೊಂದೇ ಸಮಸ್ಯೆ.

ಕುರ್ಚಿಯ ಅಳತೆ ಹೀಗಿತ್ತು: ಒಟ್ಟು ಅಗಲ 80 ಸೆಂ.ಮೀ., ಆಳ 62, ಬೆನ್ನಿನ ಎತ್ತರ 80. ಆಸನ ನೆಲದಿಂದ 40, ಕೈಗಳು 60 ಸೆಂ.ಮೀ. ಎತ್ತರ. ಕೈಗಳ ದಪ್ಪವೂ ಬೆನ್ನಿನ ದಪ್ಪವೂ 12. ಹಾಗಾಗಿ ಕೂರುವ ಜಾಗ 56 ಅಗಲ, 50 ಆಳ.

ಮೊದಲು ಕುರ್ಚಿಯನ್ನು ಇಡೀ ಪೆಟ್ಟಿಗೆ ಎಂದುಕೊಂಡು, ತಳ ಬಿಟ್ಟು, ಲೆಕ್ಕ ಹಾಕಿಸಿದೆ. 27,680 ಚದರ ಸೆಂ.ಮೀ. ಬಂತು. ನಡುವೆ ಅಷ್ಟು ದೊಡ್ಡ ಗುಂಡಿ ಇದೆಯಲ್ಲ, ನಿಜವಾದ ವಿಸ್ತೀರ್ಣ ಬಹಳ ಕಡಿಮೆ ಇರುತ್ತದೆ ಎಂದೇ ಹೆಚ್ಚಿನ ಮಕ್ಕಳು ಊಹಿಸಿದರು. ಮುಖಗಳನ್ನು ಒಂದೊಂದಾಗಿ ಅಳೆದು ಕೂಡಿಸಿದಾಗ ಬಂದದ್ದು 26,720. ಕಡಿಮೆಯಾದದ್ದು ಬರೀ 960! ಕಾರಣ ಹುಡುಕಲು ಹತ್ತು ನಿಮಿಷ ಬಿಡಬೇಕು, ಈ ಪಾಠದ ಜೀವ ಇಲ್ಲಿದೆ. ಮೇಲಿನಿಂದ ನೋಡಿದರೆ ಆಸನ, ಕೈಗಳ ಮೇಲ್ಭಾಗ, ಬೆನ್ನಿನ ಮೇಲ್ಭಾಗ ಸೇರಿ ಪೆಟ್ಟಿಗೆಯ ಮುಚ್ಚಳದಷ್ಟೇ ಆಗುತ್ತವೆ. ಗುಂಡಿ ತೋಡಿದಾಗ ಹೋದ ಪಕ್ಕದ ಮುಖಗಳ ಬದಲಿಗೆ ಕೈಗಳ ಒಳಮುಖಗಳು ಬಂದಿವೆ. ಆಸನದಿಂದ ಕೈಗೆ, ಕೈಯಿಂದ ಬೆನ್ನಿನ ತುದಿಗೆ ಎರಡೂ ಕಡೆ 20 ಸೆಂ.ಮೀ. ಇದ್ದುದರಿಂದ ಈ ಕುರ್ಚಿಯಲ್ಲಿ ಹೋದದ್ದೂ ಬಂದದ್ದೂ ಸಮ. ನಿಜವಾಗಿ ಕಳೆದುಹೋದದ್ದು ಮುಂದೆ ಎರಡು, ಹಿಂದೆ ಎರಡು, 12×20ರ ನಾಲ್ಕು ಮೂಲೆಗಳು ಮಾತ್ರ. ಘನಫಲ ತುಂಬಾ ಇಳಿದರೂ ಮೇಲ್ಮೈ ಇಳಿಯಬೇಕೆಂದಿಲ್ಲ ಎಂಬುದನ್ನು ಡಬ್ಬಿ ತೋರಿಸಲಾರದು.

ಸುಮಾರು 2.67 ಚದರ ಮೀಟರ್ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಮಿಸ್, ಬಟ್ಟೆ ಪನ್ನ ಎಷ್ಟು?" ಎಂದಳು. ಅವಳ ತಾಯಿ ಮನೆಯಲ್ಲೇ ರವಿಕೆ ಹೊಲಿಯುತ್ತಾರಂತೆ. ಗಣಿತದ ಕಿರುಪರೀಕ್ಷೆಯಲ್ಲಿ ಅವಳ ಅಂಕ ತೀರಾ ಕಡಿಮೆ. ಆದರೆ ಪಠ್ಯಪುಸ್ತಕ ಕೇಳದ, ಅಂಗಡಿಯವನು ಮೊದಲು ಕೇಳುವ ಪ್ರಶ್ನೆ ಅದು. ಕೊಡಿಯಾಲದ ಮಗ್ಗವಾಗಲಿ, ದೊಡ್ಡ ಗಿರಣಿಯಾಗಲಿ, ಬಟ್ಟೆಗೆ ಅಗಲವನ್ನು ಮಗ್ಗವೇ ಗೊತ್ತುಮಾಡುತ್ತದೆ. ನಾವು ಕತ್ತರಿಸಿ ಕೊಳ್ಳುವುದು ಉದ್ದವನ್ನು ಮಾತ್ರ. ಅದೂ ನಮ್ಮ ಪೇಟೆಗಳಲ್ಲಿ ಪನ್ನ ಅಂಗುಲದಲ್ಲಿ, ಉದ್ದ ಮೀಟರಿನಲ್ಲಿ! ಏಕಮಾನ ಪರಿವರ್ತನೆಗೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

44 ಅಂಗುಲ, ಅಂದರೆ ಸುಮಾರು 112 ಸೆಂ.ಮೀ. ಪನ್ನದ ದಪ್ಪ ಹತ್ತಿಬಟ್ಟೆ ಎಂದಿಟ್ಟುಕೊಳ್ಳೋಣ. ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಕತ್ತರಿಸಿದ ಮೇಲೆ ಬಟ್ಟೆ ಕುಗ್ಗಿದರೆ ಗವಸು ಕುರ್ಚಿಗೆ ಏರುವುದಿಲ್ಲ. ಶೇಕಡಾ 5ರಷ್ಟು ಕುಗ್ಗುತ್ತದೆಂದು ನಾವು ಹಿಡಿದೆವು. ಮುಖ್ಯ ತುಂಡು ನಡುವಿನ ಪಟ್ಟಿ. ಅದು ಹಿಂದೆ ನೆಲದಿಂದ ಹೊರಟು ಬೆನ್ನು ಹತ್ತಿ ಇಳಿದು, ಆಸನ ದಾಟಿ, ಮುಂದೆ ಮತ್ತೆ ನೆಲ ಮುಟ್ಟುತ್ತದೆ: 80+12+40+50+40, ಒಟ್ಟು 222. ಬೆನ್ನು ಆಸನ ಸೇರುವ ಸಂದಿಯೊಳಗೆ 8 ಸೆಂ.ಮೀ. ಇಳಿದು ಮೇಲೆ ಬರಲು 16, ಎರಡು ಅಂಚಿನ ಮಡಿಕೆಗೆ 6, ಹೀಗೆ 244. ಅಗಲ 56ಕ್ಕೆ ಎರಡೂ ಬದಿಯ ಸಂದಿಗೆ 16, ಹೊಲಿಗೆಗೆ 3 ಸೇರಿ 75. ಸಂದಿಗೆ ಬಟ್ಟೆ ಬಿಡದಿದ್ದರೆ ಯಾರಾದರೂ ಕೂತ ಕೂಡಲೇ ಹೊಲಿಗೆ ಬಿಚ್ಚುತ್ತದೆ. ಕೈಗಳಿಗೆ 104.5×65ರ ಎರಡು ತುಂಡು. ಇವನ್ನು ಪನ್ನಕ್ಕೆ ಅಡ್ಡಲಾಗಿ ಇಟ್ಟರೆ 130 ಸೆಂ.ಮೀ. ಉದ್ದ ಸಾಕು. ಕೈಗಳ ಮುಂದೆ ಹಿಂದೆ ಬರುವ 15×64.5ರ ನಾಲ್ಕು, ಬೆನ್ನಿನ ಬದಿಯ 15×23ರ ಎರಡು ತುಂಡು ನಡುವಿನ ಪಟ್ಟಿಯ ಪಕ್ಕದಲ್ಲಿ ಮಿಕ್ಕಿದ ಬಟ್ಟೆಯಲ್ಲೇ ಹೊರಡುತ್ತವೆ. ಒಟ್ಟು 374, ಕುಗ್ಗುವುದನ್ನು ಸೇರಿಸಿ 4 ಮೀಟರ್ ಕೊಳ್ಳಬೇಕು. ಪಟ್ಟೆಯ ಬಟ್ಟೆ ಮಾತ್ರ ಬೇಡ, ಕೈಗಳ ಮೇಲೆ ಪಟ್ಟೆ ಅಡ್ಡ ತಿರುಗುತ್ತದೆ.

ಕತ್ತರಿ ಹಿಡಿಯುವ ಮೊದಲು ಹಳೆಯ ದಿನಪತ್ರಿಕೆ ಅಂಟಿಸಿ ಇದೇ ಅಳತೆಯ ಮಾದರಿ ಮಾಡಿಸಿ. ಬಟ್ಟೆಯ ತುಂಡುಗಳನ್ನು ಕುರ್ಚಿಯ ಮೇಲೆ ಒಳಮೈ ಹೊರಗಾಗುವಂತೆ ಹಾಸಿ, ಗುಂಡುಸೂಜಿ ಚುಚ್ಚಿ, ಹೆಚ್ಚಾದದ್ದನ್ನು ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ತೆಗೆದರೆ ಅಳತೆ ತಪ್ಪುವುದಿಲ್ಲ. ಹಿಂಬದಿಯ ಒಂದು ಜೋಡಣೆಯನ್ನು ಹೊಲಿಯದೆ ಲಾಡಿ ಇಟ್ಟರೆ ಒಗೆಯಲು ಸುಲಭವಾಗಿ ಕಳಚಬಹುದು. ಸುರುಳಿ ಸುತ್ತಿದ ಪತ್ರಿಕೆಯನ್ನು ಸಂದಿಗೆ ತುರುಕಿದರೆ ಗವಸು ಜಾರುವುದಿಲ್ಲ. ಸೂಜಿಯ ಕೆಲಸ ಹುಡುಗಿಯರಿಗೆ ಎಂದು ಹುಡುಗರು ಹಿಂದೆ ಸರಿಯಲು ನೋಡುತ್ತಾರೆ; ಗುಂಪು ಮಾಡುವಾಗಲೇ ಕೆಲಸ ಹಂಚಿಬಿಡಿ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ಕಸುಬು ಬೇರೆ ಪಿರಿಯಡ್ ಆಗಿರಲಿಲ್ಲ, ಇತರ ವಿಷಯಗಳನ್ನು ಅದರ ಮೂಲಕವೇ ಕಲಿಸಬೇಕಿತ್ತು. ಈಗ ಹೊಲಿಗೆ ಒಂದು ಕಡೆ, ಗಣಿತ ಇನ್ನೊಂದು ಕಡೆ. ಪನ್ನ ಕೇಳಿದ ಹುಡುಗಿಯ ಪ್ರಶ್ನೆಗೆ ನಿರಂತರ ಮೌಲ್ಯಮಾಪನದ ದಾಖಲೆಯಲ್ಲಿ ಎಲ್ಲಿ ಜಾಗ ಕೊಡುವುದು? ನಾನು ಅದನ್ನು ಸಮಸ್ಯೆ ರಚಿಸುವ ಸಾಮರ್ಥ್ಯ ಎಂದು ಗಣಿತದಡಿಯಲ್ಲೇ ಬರೆದೆ. ಮಾರ್ಗದರ್ಶಕ ಶಿಕ್ಷಕರು ಒಪ್ಪಿದರು. ಬೋಧಕ ವರ್ಗದವರು ಈ ಬಗ್ಗೆ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಈ ಪಾಠಕ್ಕೆ 40 ನಿಮಿಷದ ಮೂರು ಅವಧಿ ಬೇಕು, ಹೊಲಿಗೆ ಬೇರೆ. ಮನೆಗೆಲಸವಾಗಿ ಎರಡು ಪ್ರಶ್ನೆ ಕೊಟ್ಟೆ: ಕೊಂಡ 4.48 ಚದರ ಮೀಟರಿನಲ್ಲಿ ಕುರ್ಚಿಯ ಮೈಗೆ ಹೋದದ್ದು ಸುಮಾರು ಶೇಕಡಾ 60 ಮಾತ್ರ, ಉಳಿದದ್ದು ಎಲ್ಲಿಗೆ ಹೋಯಿತು? 36 ಅಂಗುಲದ ಪನ್ನವಾದರೆ ಎಷ್ಟು ಮೀಟರ್ ಬೇಕು? ಎರಡನೆಯದಕ್ಕೆ ತುಂಡುಗಳ ನಕ್ಷೆ ಬರೆಯದೆ ಉತ್ತರ ಬರುವುದಿಲ್ಲ. ಬರೆದು ನೋಡಿದರೆ 5 ಮೀಟರ್ ದಾಟುತ್ತದೆ.