ಥೈಲೆಂಡಿನ ಶಾನ್ ಜನರ ಬೌದ್ಧ ವಿಹಾರಗಳು

‘ವಿಹಾರ’ವೆಂಬ ಶಬ್ದಕ್ಕೆ ಬೌದ್ಧ ಪರಂಪರೆಯಲ್ಲಿ ಮೊದಲು ಭಿಕ್ಷುಗಳ ವಾಸಸ್ಥಾನವೆಂದೇ ಅರ್ಥ. ಥಾಯ್ ಭಾಷೆಯಲ್ಲಿ ಅದು ‘ವಿಹಾನ್’ ಎಂದಾಗಿ, ಬುದ್ಧಪ್ರತಿಮೆಯಿರುವ ಸಭಾಮಂದಿರಕ್ಕೆ ಸಲ್ಲುತ್ತದೆ. ಭಿಕ್ಷುವಿನ ವಾಸಕ್ಕೆ ‘ಕುಟಿ’ ಎಂಬ ಬೇರೆ ಹೆಸರಿದೆ. ‘ವಸತಿ’ಯಿಂದ ಹುಟ್ಟಿದ ನಮ್ಮ ‘ಬಸದಿ’ಯೂ ಜಿನಾಲಯವಾಚಕವಾದುದನ್ನು ನೆನೆದರೆ, ಈ ಅರ್ಥಪಲ್ಲಟವು ಕನ್ನಡಿಗರಿಗೆ ಅಪರಿಚಿತವೆನಿಸದು. ಆದರೆ ವಾಸವೂ ಪೂಜೆಯೂ ಬೇರ್ಪಡದೆ ಒಂದೇ ಸೂರಿನಡಿ ಉಳಿದುಬಂದ ಸಂಪ್ರದಾಯವೊಂದು ಉತ್ತರ ಥೈಲೆಂಡಿನ ಶಾನ್ ಜನರಲ್ಲಿದೆ.

ಶಾನರು ಥಾಯ್ ಜನರಿಗೆ ಭಾಷೆಯಿಂದ ಸಮೀಪಬಂಧುಗಳು. ಮ್ಯಾನ್ಮಾರಿನ ಶಾನ್ ಪ್ರಾಂತವು ಅವರ ಮುಖ್ಯ ನೆಲೆ. ಗಡಿಯ ಈಚೆಗೆ ಮೇ ಹೊಂಗ್ ಸೊನ್ ಪ್ರದೇಶದಲ್ಲಿಯೂ ಅವರು ಹೆಚ್ಚಾಗಿದ್ದಾರೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಕಂಪೆನಿಗಳು ಉತ್ತರ ಸಯಾಮಿನ ತೇಗದ ಕಾಡುಗಳನ್ನು ಪ್ರವೇಶಿಸಿದಾಗ, ಶಾನರೂ ಬರ್ಮೀಯರೂ ಕೆಲಸಗಾರರಾಗಿ, ವರ್ತಕರಾಗಿ ಲಂಪಾಂಗ್ ಮೊದಲಾದ ಪಟ್ಟಣಗಳಲ್ಲಿ ನೆಲೆಸಿದರು. ತೇಗದಿಂದ ಸಂಪಾದಿಸಿದವರು ಪುಣ್ಯಾರ್ಥವಾಗಿ ತೇಗದಿಂದಲೇ ವಿಹಾರಗಳನ್ನು ಕಟ್ಟಿಸಿದರು.

ಮಧ್ಯ ಥೈಲೆಂಡಿನ ‘ವಾಟ್’ ಅಥವಾ ವಿಹಾರದ ಆವರಣವು ಸಾಮಾನ್ಯವಾಗಿ ಬುದ್ಧಾವಾಸ, ಸಂಘಾವಾಸಗಳೆಂದು ಎರಡು ಭಾಗವಾಗಿರುತ್ತದೆ: ಒಂದರಲ್ಲಿ ಪೂಜಾಮಂದಿರಗಳು, ಇನ್ನೊಂದರಲ್ಲಿ ಭಿಕ್ಷುಗಳ ಕುಟಿಗಳು. ಶಾನರ ‘ಚೋಂಗ್’ ಇದಕ್ಕೆ ಭಿನ್ನವಾದುದು. ನೆಲದಿಂದ ಮೇಲೆತ್ತಿ, ಮರದ ಕಂಬಗಳ ಮೇಲೆ ನಿಲ್ಲಿಸಿದ ಒಂದೇ ವಿಶಾಲ ಕಟ್ಟಡದಲ್ಲಿ ಪ್ರತಿಮೆ, ಉಪಾಸಕರ ಸಭಾಸ್ಥಾನ, ಭಿಕ್ಷುಗಳ ವಾಸದ ಕೋಣೆಗಳು ಎಲ್ಲವೂ ಅಡಗಿರುತ್ತವೆ. ಫಯಾವ್ ಪ್ರಾಂತದ ಚಿಯಾಂಗ್ ಖಾಮ್‌ನಲ್ಲಿರುವ ನಂತಾರಾಮ್ ವಿಹಾರದಲ್ಲಿ ಇಂತಹ ತೇಗದ ಕಂಬಗಳು 68 ಇವೆ.

ಹಾಗೆಂದು ಇಲ್ಲಿ ಸ್ಥಾನಭೇದವಿಲ್ಲವೆಂದಲ್ಲ. ಗೋಡೆ ಮಾಡುವ ಕೆಲಸವನ್ನು ಇಲ್ಲಿ ನೆಲದ ಎತ್ತರವು ಮಾಡುತ್ತದೆ. ಮೆಟ್ಟಿಲೇರಿ ಬಂದ ಗೃಹಸ್ಥರು ಕುಳ್ಳಿರುವ ನೆಲ ತಗ್ಗಿನದು. ಭಿಕ್ಷುಗಳದು ಅದಕ್ಕಿಂತ ಎತ್ತರ. ಪ್ರತಿಮೆಯ ಪೀಠ ಎಲ್ಲಕ್ಕೂ ಮೇಲು. ತಾನು ತಗ್ಗಿನ ಆಸನದಲ್ಲಿದ್ದು ಎತ್ತರದ ಆಸನದಲ್ಲಿ ಕುಳಿತವನಿಗೆ ಭಿಕ್ಷುವು ಧರ್ಮವನ್ನು ಬೋಧಿಸಬಾರದೆಂಬುದು ವಿನಯದ ನಿಯಮ. ಈ ನೆಲವು ಆ ನಿಯಮಕ್ಕೆ ಅನುಗುಣವಾಗಿದೆ. ಮಾಡಿನಲ್ಲಿಯೂ ಇದೇ ಕ್ರಮ ಕಾಣುತ್ತದೆ. ಪ್ರಧಾನ ಭಾಗಗಳ ಮೇಲೆ ಮಾಡು ಅಂತಸ್ತು ಅಂತಸ್ತಾಗಿ ಏರುತ್ತದೆ. ಅದರ ಅಂಚುಗಳಿಗೆ ಜಾಲಂದ್ರದಂತೆ ಕೊರೆದ ತಗಡಿನ ಅಲಂಕಾರವಿರುತ್ತದೆ. ಹೀಗೆ ಹೊರಗಿನಿಂದ ನೋಡಿದವನೂ ಒಳಗಿನ ಕ್ರಮವನ್ನು ಊಹಿಸಬಲ್ಲನು.

ಮರದ ಕಟ್ಟಡಕ್ಕೆ ಬೆಂಕಿ, ಗೆದ್ದಲು, ಮಳೆ ಇವು ನಿತ್ಯಶತ್ರುಗಳು. ಲಂಪಾಂಗಿನ ಸೀ ಚುಮ್ ವಿಹಾರದ ಪ್ರಸಿದ್ಧ ಮಂದಿರವು 1992ರಲ್ಲಿ ಬೆಂಕಿಗೆ ಆಹುತಿಯಾಯಿತು. ಅನಂತರ ಅದನ್ನು ಮತ್ತೆ ಕಟ್ಟಲಾಯಿತು. ಆದರೆ ಬೆಂಕಿಯಿಲ್ಲದೆಯೂ ಸಂಭವಿಸಬಹುದಾದ ನಷ್ಟವೊಂದುಂಟು. ಹಳೆಯ ಮಂದಿರವನ್ನು ಪ್ರೇಕ್ಷಣೀಯವೆಂದು ಉಳಿಸಿ, ಭಿಕ್ಷುಗಳಿಗೆ ಪಕ್ಕದಲ್ಲಿ ಸಿಮೆಂಟಿನ ಕುಟಿಗಳನ್ನು ಕಟ್ಟಿಕೊಟ್ಟರೆ ಮಾಡಿನ ಚೆಲುವೇನೋ ಉಳಿಯುತ್ತದೆ. ಆ ನೆಲದ ಏರಿಳಿತಗಳಿಗೆ ಅರ್ಥವನ್ನು ಕೊಟ್ಟಿದ್ದ ಸಹವಾಸವು ಉಳಿಯುವುದಿಲ್ಲ. ಒಂದೇ ಸೂರಿನಡಿ ಭಿಕ್ಷುವು ಮಲಗಿ ಏಳುವುದನ್ನೂ ಓದುವುದನ್ನೂ ಕಂಡು ಬೆಳೆದ ಹುಡುಗನಿಗೆ ವಿಹಾರವೆಂದರೆ ಬರಿಯ ಪೂಜಾಸ್ಥಾನವಲ್ಲ, ಇನ್ನೊಂದು ಮನೆ. ಆದುದರಿಂದ ಶಾನ್ ವಿಹಾರವನ್ನು ಅಭ್ಯಸಿಸುವವರು ಶಿಖರವನ್ನು ಅಳೆಯುವುದರೊಂದಿಗೆ, ಅದರ ಕೆಳಗೆ ಯಾರು ವಾಸವಾಗಿದ್ದಾರೆಂಬುದನ್ನೂ ಬರೆದಿಡುವುದು ಅವಶ್ಯ. ಅಲ್ಲಿ ವಾಸವು ನಿಂತರೆ ‘ವಿಹಾರ’ವೆಂಬ ಮಾತಿನ ಮೂಲಾರ್ಥವೇ ಬರಿದಾಗುತ್ತದೆ.